ಸರೋವರ ಗಟ್ಟಿಯಾದರಷ್ಟೇ ಊರಿಗೆ ದಾರಿ: ಉತ್ತರ ಕೆನಡಾದ ಐಸ್ ರಸ್ತೆಗಳ ಲೆಕ್ಕಾಚಾರ

2024ರ ಫೆಬ್ರವರಿಯಲ್ಲಿ ಕೆನಡಾದ ಉತ್ತರ ಒಂಟಾರಿಯೊದ ಮೂಲನಿವಾಸಿ ಸಮುದಾಯಗಳ ಒಕ್ಕೂಟವಾದ ನಿಶ್ನಾಬೆ ಆಸ್ಕಿ ನೇಷನ್ ತುರ್ತುಸ್ಥಿತಿ ಘೋಷಿಸಿತು. ಪ್ರವಾಹ ಬಂದಿರಲಿಲ್ಲ, ಕಾಡ್ಗಿಚ್ಚೂ ಇರಲಿಲ್ಲ. ಬರಬೇಕಾದ ಚಳಿ ಬಂದಿರಲಿಲ್ಲ, ಅಷ್ಟೇ. ವರ್ಷದ ಡೀಸೆಲ್, ಮನೆ ಕಟ್ಟುವ ಮರಮಟ್ಟು, ಭಾರದ ದಿನಸಿ ಎಲ್ಲವೂ ಆ ಊರುಗಳಿಗೆ ಬರುವುದು ಹೆಪ್ಪುಗಟ್ಟಿದ ನದಿ, ಸರೋವರ, ಜೌಗು ನೆಲಗಳ ಮೇಲೆ ಓಡುವ ಲಾರಿಗಳಲ್ಲಿ. ಫೆಬ್ರವರಿ ಬಂದರೂ ಲಾರಿ ಹೊರುವಷ್ಟು ಐಸ್ ಆಗಿರಲಿಲ್ಲ.

ಚಳಿ ಕಡಿಮೆಯಾದರೆ ಬದುಕು ಹಗುರಾಗಬೇಕಲ್ಲವೇ ಎಂದು ನಮಗೆ ಅನ್ನಿಸುವುದು ಸಹಜ. ಅಲ್ಲಿ ಲೆಕ್ಕ ತಿರುಗುಮುರುಗು. ಅದನ್ನು ಬುಡದಿಂದ ನೋಡೋಣ. ಈ ಲೇಖನದಲ್ಲಿ 'ಐಸ್' ಎಂದರೆ ನೀರು ಗಟ್ಟಿಯಾಗಿ ಆದದ್ದು. 'ಹಿಮ' ಎಂದರೆ ಮೇಲಿನಿಂದ ಬೀಳುವ ಪುಡಿ. ಮುಂದಿನ ವಿವರವೆಲ್ಲ ನಿಂತಿರುವುದು ಇವೆರಡರ ವ್ಯತ್ಯಾಸದ ಮೇಲೆಯೇ.

ಐಸ್ ರಸ್ತೆ ಎಂದರೇನು

ಉತ್ತರ ಕೆನಡಾದ ಬಹುಪಾಲು ನೆಲ ನೀರು, ಜೌಗು ಮತ್ತು ಬಂಡೆ. ಬೇಸಿಗೆಯಲ್ಲಿ ಅಲ್ಲಿ ಲಾರಿ ಹೋಗಲಾರದು, ಹೂತುಹೋಗುತ್ತದೆ. ಚಳಿಗಾಲದಲ್ಲಿ ಅದೇ ಜಾಗ ಕಲ್ಲಾಗುತ್ತದೆ. ಸರೋವರ ಮತ್ತು ನದಿಯ ಮೇಲಿನ ಭಾಗವನ್ನು ಐಸ್ ರಸ್ತೆ ಎನ್ನುತ್ತಾರೆ. ಹೆಪ್ಪುಗಟ್ಟಿದ ನೆಲವನ್ನೂ ಸೇರಿಸಿದ ಇಡೀ ದಾರಿಗೆ ಚಳಿಗಾಲದ ರಸ್ತೆ ಎಂದು ಹೆಸರು. ಪ್ರತಿ ವರ್ಷ ಹೊಸದಾಗಿ ಕಟ್ಟಬೇಕು, ವಸಂತದಲ್ಲಿ ತಾನಾಗಿ ಕರಗಿಹೋಗುತ್ತದೆ.

ಇವುಗಳಲ್ಲಿ ಹೆಸರುವಾಸಿಯಾದದ್ದು ವಾಯವ್ಯ ಪ್ರಾಂತ್ಯದ ಟಿಬಿಟ್–ಕಾಂಟ್‌ವಾಯ್ಟೊ ರಸ್ತೆ. ಯೆಲ್ಲೋನೈಫ್ ಪಟ್ಟಣದ ಪೂರ್ವಕ್ಕಿರುವ ಟಿಬಿಟ್ ಸರೋವರದಿಂದ ಹೊರಟು ವಜ್ರದ ಗಣಿಗಳ ಕಡೆ ಹೋಗುವ ಈ ದಾರಿ 1982ರಿಂದ ನಡೆಯುತ್ತಿದೆ. ಅದರ ಬಹುಭಾಗ ಸರೋವರಗಳ ಮೇಲೆಯೇ. ನಡುನಡುವೆ ಚಿಕ್ಕ ನೆಲದ ತುಂಡುಗಳು. ಸಾಮಾನ್ಯವಾಗಿ ಜನವರಿ ಕೊನೆ ಅಥವಾ ಫೆಬ್ರವರಿ ಮೊದಲಲ್ಲಿ ತೆರೆದು ಮಾರ್ಚ್ ಕೊನೆಯ ಹೊತ್ತಿಗೆ ಮುಚ್ಚುತ್ತದೆ. 2007ರಲ್ಲಿ ಆ ಕೆಲವೇ ವಾರಗಳಲ್ಲಿ 10,000ಕ್ಕೂ ಹೆಚ್ಚು ಲೋಡು ಸಾಗಿತ್ತು. ಅದರ ಹಿಂದಿನ ವರ್ಷ, 2006ರಲ್ಲಿ, ಬೆಚ್ಚನೆಯ ಚಳಿಗಾಲದಿಂದ ರಸ್ತೆ ಅವಧಿಗೆ ಮುಂಚೆಯೇ ಮುಚ್ಚಿ, ಉಳಿದ ಸಾಮಾನನ್ನು ದುಬಾರಿ ಬೆಲೆ ತೆತ್ತು ವಿಮಾನದಲ್ಲಿ ಸಾಗಿಸಬೇಕಾಯಿತು. ಗಣಿ ಕಂಪನಿಗಳಿಗೆ ಅದು ನಷ್ಟದ ಬಾಬ್ತು. ಐನೂರು ಜನರ ಹಳ್ಳಿಗೆ ಹಾಗೆ ವಿಮಾನ ತರಿಸುವ ಕಸುವೆಲ್ಲಿದೆ?

ಐಸ್ ಎಷ್ಟು ದಪ್ಪವಾಗುತ್ತದೆ

ನೀರು ಅತಿ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಶರತ್ಕಾಲದಲ್ಲಿ ಮೇಲಿನ ನೀರು ತಣ್ಣಗಾಗಿ ಕೆಳಗಿಳಿಯುತ್ತದೆ, ಕೆಳಗಿನದು ಮೇಲೆ ಬರುತ್ತದೆ. ಇಡೀ ಸರೋವರ 4 ಡಿಗ್ರಿಗೆ ಬರುವವರೆಗೂ ಈ ಕಲಕಾಟ ನಿಲ್ಲುವುದಿಲ್ಲ. ಆಮೇಲೆ ಇನ್ನೂ ತಣಿದ ನೀರು ಹಗುರಾಗಿ ಮೇಲೆಯೇ ಉಳಿದು ಗಟ್ಟಿಯಾಗುತ್ತದೆ. ಆಳದ ಸರೋವರಗಳು ತಡವಾಗಿ ಹೆಪ್ಪುಗಟ್ಟುವುದು ಇದೇ ಕಾರಣಕ್ಕೆ.

ಒಮ್ಮೆ ಮುಚ್ಚಳ ಬಿದ್ದ ಮೇಲೆ ಐಸ್ ಕೆಳಮುಖವಾಗಿ ಬೆಳೆಯುತ್ತದೆ. ನೀರಿನ ಶಾಖ ಐಸ್ ಮೂಲಕ ಮೇಲೆ ಹಾದು ಗಾಳಿಗೆ ಹೋಗಬೇಕು. ಐಸ್ ದಪ್ಪವಾದಷ್ಟೂ ಶಾಖ ಹಾಯುವ ದಾರಿ ಉದ್ದ, ಬೆಳವಣಿಗೆ ನಿಧಾನ.

ಇದನ್ನು ಅಂದಾಜು ಮಾಡಲು ಬಳಸುವ ಅಳತೆಗೆ 'ಚಳಿ ಡಿಗ್ರಿ-ದಿನ' ಎನ್ನೋಣ. ದಿನದ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಎಷ್ಟು ಕೆಳಗಿದೆಯೋ ಅಷ್ಟು ಅಂಕ. ಮೈನಸ್ 20 ಇದ್ದ ಒಂದು ದಿನಕ್ಕೆ 20. ಅಂಥ 50 ದಿನಕ್ಕೆ 1,000. ಈ ಮೊತ್ತದ ವರ್ಗಮೂಲವನ್ನು ಒಂದು ಗುಣಾಂಕದಿಂದ ಗುಣಿಸಿದರೆ ಐಸಿನ ದಪ್ಪ ಸೆಂಟಿಮೀಟರ್‌ನಲ್ಲಿ ಸಿಗುತ್ತದೆ. ಗಾಳಿಗೆ ಹಿಮ ಹಾರಿಹೋಗಿ ಬರಿದಾಗಿರುವ ಸರೋವರಕ್ಕೆ ಗುಣಾಂಕ ಸುಮಾರು 2.7. ಹಿಮ ಹೊದ್ದ ಸಾಮಾನ್ಯ ಸರೋವರಕ್ಕೆ 1.7ರಿಂದ 2.4. ಹರಿವ ನದಿಗೆ ಇನ್ನೂ ಕಡಿಮೆ.

ಗುಣಾಂಕ 2 ಎಂದಿಟ್ಟುಕೊಂಡರೆ 1,000 ಡಿಗ್ರಿ-ದಿನಕ್ಕೆ 63 ಸೆಂ.ಮೀ. ಐಸ್. ಮತ್ತೆ ಅಷ್ಟೇ ಚಳಿ ಬಿದ್ದರೆ ಅದು 126 ಆಗುವುದಿಲ್ಲ, 89 ಮಾತ್ರ. ಒಂದು ಮೀಟರ್ ಮುಟ್ಟಲು 2,500 ಡಿಗ್ರಿ-ದಿನ ಬೇಕು. ಋತುವಿನ ಮೊದಲಲ್ಲಿ ಕಳೆದುಕೊಂಡ ಚಳಿಯನ್ನು ಜನವರಿಯ ಕೊನೆಯಲ್ಲಿ ಬಿದ್ದ ಒಂದು ವಾರದ ಕಡುಚಳಿ ತುಂಬಿಕೊಡುವುದಿಲ್ಲ.

ಎಷ್ಟು ಭಾರ ಹೊರುತ್ತದೆ

ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಲಾರ್ನ್ ಗೋಲ್ಡ್ 1971ರಲ್ಲಿ ಪ್ರಕಟಿಸಿದ ಸೂತ್ರವನ್ನೇ ಇಂದಿಗೂ ಬಳಸುತ್ತಾರೆ. ದಪ್ಪವನ್ನು (ಸೆಂ.ಮೀ.) ಅದರಿಂದಲೇ ಗುಣಿಸಿ, ಮತ್ತೆ 4ರಿಂದ ಗುಣಿಸಿದರೆ ಹೊರಬಲ್ಲ ಭಾರ ಕಿಲೋದಲ್ಲಿ ಬರುತ್ತದೆ. 50 ಸೆಂ.ಮೀ. ಐಸ್ 10 ಟನ್ ಹೊರುತ್ತದೆ, 100 ಸೆಂ.ಮೀ. 40 ಟನ್. ದಪ್ಪ ಅರ್ಧವಾದರೆ ಭಾರ ಕಾಲುಭಾಗಕ್ಕೆ ಇಳಿಯುತ್ತದೆ. ಆ 4 ಎಂಬುದು ಜಾಗರೂಕತೆಯ ಅಂಕಿ. ರೇಡಾರ್‌ನಿಂದ ದಿನವೂ ಅಳೆದು ನೋಡುವ ದೊಡ್ಡ ರಸ್ತೆಗಳಲ್ಲಿ ಇನ್ನೂ ಹೆಚ್ಚಿಗೆ ಹೋಗುತ್ತಾರೆ. ಅಳತೆಯೇ ಇಲ್ಲದ ಕಡೆ ಇನ್ನೂ ಕೆಳಗಿಳಿಯಬೇಕು.

ಲೆಕ್ಕ ಹಿಡಿಯುವುದು ಪಾರದರ್ಶಕವಾದ ನೀಲಿ ಐಸಿಗೆ ಮಾತ್ರ. ಹಿಮ ನೀರಿನಲ್ಲಿ ನೆನೆದು ಗಟ್ಟಿಯಾದ ಬಿಳಿ ಐಸಿನಲ್ಲಿ ಗಾಳಿಗುಳ್ಳೆಗಳಿರುತ್ತವೆ. ಅದರ ದಪ್ಪವನ್ನು ಅರ್ಧಕ್ಕೆ ಹಿಡಿಯುವುದು ರೂಢಿ. 40 ಸೆಂ.ಮೀ. ನೀಲಿ, 20 ಸೆಂ.ಮೀ. ಬಿಳಿ ಇದ್ದರೆ ಲೆಕ್ಕಕ್ಕೆ 50.

ಹಿಮ ಎಂಬ ಕಂಬಳಿ

ಈಗ ವಿಷಯದ ತಿರುಳಿಗೆ ಬರೋಣ. ಕೆನಡಾ ಸರ್ಕಾರದ 2019ರ ಹವಾಮಾನ ವರದಿಯ ಪ್ರಕಾರ 1948ರಿಂದ 2016ರ ನಡುವೆ ಉತ್ತರ ಕೆನಡಾದ ಚಳಿಗಾಲ 4.3 ಡಿಗ್ರಿ ಬೆಚ್ಚಗಾಗಿದೆ. ಬರೀ ಅದರಿಂದ ಐಸಿಗೆ ಏನಾಗುತ್ತದೆ? ಮೈನಸ್ 20ರ ಬದಲು ಮೈನಸ್ 16ರ 50 ದಿನ ಎಂದುಕೊಳ್ಳಿ. ಮೊತ್ತ 1,000ದಿಂದ 800ಕ್ಕೆ ಇಳಿಯಿತು. ಐಸ್ 63ರಿಂದ 57 ಸೆಂ.ಮೀ.ಗೆ ಬಂತು, ಹೊರುವ ಭಾರ 16 ಟನ್‌ನಿಂದ 13ರ ಆಸುಪಾಸಿಗೆ. ನಷ್ಟವೇನೋ ಹೌದು, ಆದರೆ ರಸ್ತೆಯನ್ನೇ ಮುಚ್ಚುವಂಥದ್ದಲ್ಲ.

ಅದೇ 1,000 ಡಿಗ್ರಿ-ದಿನಕ್ಕೆ ಹಿಮದ ವ್ಯತ್ಯಾಸ ಹಚ್ಚಿ ನೋಡಿ. ಬರಿ ಸರೋವರ (ಗುಣಾಂಕ 2.7) 85 ಸೆಂ.ಮೀ. ಐಸ್ ಕಟ್ಟಿ 29 ಟನ್ ಹೊರುತ್ತದೆ. ಹಿಮ ಹೊದ್ದದ್ದು (1.7) 54 ಸೆಂ.ಮೀ. ಕಟ್ಟಿ ಹನ್ನೊಂದೂವರೆ ಟನ್ ಹೊರುತ್ತದೆ. ಚಳಿ ಒಂದೇ, ಭಾರ ಅರ್ಧಕ್ಕೂ ಕಡಿಮೆ.

ಕಂಬಳಿ ತಾನೇ ಬಿಸಿಯಾಗಿರುವುದಿಲ್ಲ. ಎಳೆಗಳ ನಡುವಿನ ಗಾಳಿ ನಮ್ಮ ಮೈಶಾಖ ಹೊರಹೋಗದಂತೆ ಹಿಡಿದಿಡುತ್ತದೆ. ಹೊಸ ಹಿಮವೂ ಹಾಗೆಯೇ, ಬಹುಪಾಲು ಗಾಳಿ. ಮೇಲೆ ಮೈನಸ್ 30 ಇದ್ದರೂ ಕೆಳಗಿನ ನೀರಿಗೆ ಆ ಚಳಿ ತಟ್ಟುವುದಿಲ್ಲ. ಹಾಗಾಗಿ ಎಷ್ಟು ಚಳಿ ಬಿತ್ತು ಎನ್ನುವುದಕ್ಕಿಂತ ಯಾವುದು ಮೊದಲು ಬಂತು ಎನ್ನುವುದು ದೊಡ್ಡ ಪ್ರಶ್ನೆ. ನವೆಂಬರ್‌ನಲ್ಲಿ ಒಣಚಳಿ ಬಿದ್ದು ಆಮೇಲೆ ಹಿಮ ಬಂದರೆ ಒಳ್ಳೆಯ ವರ್ಷ. ತೆಳು ಐಸಿನ ಮೇಲೆ ಮೊದಲೇ ಒಂದು ಮೊಳ ಹಿಮ ಸುರಿದು ಆಮೇಲೆ ಚಳಿ ಬಂದರೆ ಕೆಟ್ಟ ವರ್ಷ. ಹಿಮದ ಭಾರಕ್ಕೆ ಐಸ್ ಬಾಗಿ, ಬಿರುಕಿನಿಂದ ನೀರು ಮೇಲೆ ಬಂದು ಹಿಮದೊಳಗೆ ರಾಡಿಯಾಗುತ್ತದೆ. ಅದು ಗಟ್ಟಿಯಾದರೆ ಬಿಳಿ ಐಸ್. ವಾತಾವರಣ ಬೆಚ್ಚಗಾದಾಗ ಸರೋವರ ತಡವಾಗಿ ಹೆಪ್ಪುಗಟ್ಟುತ್ತದೆ. ಮೊದಲ ಹಿಮ ಬೀಳುವ ಹೊತ್ತಿಗೆ ಐಸ್ ಇನ್ನೂ ಎಳಸಾಗಿರುತ್ತದೆ. ಸರಾಸರಿ ಉಷ್ಣಾಂಶದ ಸುದ್ದಿಗಳಲ್ಲಿ ಈ ಕ್ರಮಭಂಗ ಕಾಣಿಸುವುದಿಲ್ಲ.

ರಸ್ತೆ ಕಟ್ಟುವ ಕೆಲಸ

ಹಿಮ ತೆಗೆದರೆ ಐಸ್ ಬೆಳೆಯುತ್ತದೆ. ಆದರೆ ಹಿಮ ತೆಗೆಯುವ ಯಂತ್ರ ಹೊರುವಷ್ಟು ಐಸ್ ಮೊದಲು ಇರಬೇಕಲ್ಲ. ಈ ಇಕ್ಕಟ್ಟಿನಿಂದಲೇ ಕೆಲಸ ಶುರು. ಮೊದಲು ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಬೈಕಿನಂಥ ಹಗುರ ವಾಹನ), ಇಲ್ಲವೇ ನೀರಿಗೆ ಬಿದ್ದರೂ ತೇಲುವ ಹಗುರ ಪಟ್ಟಿಗಾಲಿ ವಾಹನ ಹೋಗುತ್ತದೆ. ಡ್ರಿಲ್‌ನಿಂದ ತೂತು ಕೊರೆದು ಅಳತೆ ಹಿಡಿಯುತ್ತಾರೆ. ದೊಡ್ಡ ರಸ್ತೆಗಳಲ್ಲಿ ಐಸಿನೊಳಗೆ ತರಂಗ ಕಳಿಸಿ ದಪ್ಪ ಓದುವ ರೇಡಾರ್ ಎಳೆಯುತ್ತಾರೆ. ಪೂರ್ವ ಕೆನಡಾದ ಲ್ಯಾಬ್ರಡಾರ್‌ನಲ್ಲಿ, ಇನ್ಯೂಟ್ ಮೂಲನಿವಾಸಿಗಳ ನೈನ್ ಎಂಬ ಊರಿನಲ್ಲಿ ಬೆಳೆದ ಸ್ಮಾರ್ಟ್‌ಐಸ್ ಎಂಬ ಏರ್ಪಾಟಿನಲ್ಲಿ ಸ್ಥಳೀಯರೇ ದಪ್ಪ ಅಳೆಯುವ ಸಂವೇದಕವನ್ನು ಜಾರುಬಂಡಿಯಲ್ಲಿ ಎಳೆದು ಸಮುದ್ರದ ಐಸಿನ ದಪ್ಪದ ನಕ್ಷೆ ಮಾಡುತ್ತಾರೆ.

ಅಳತೆ ಸಾಲುವ ಕಡೆ ಹಿಮವನ್ನು ಪಕ್ಕಕ್ಕೆ ತಳ್ಳುತ್ತಾರೆ, ಅದೂ ಅಗಲವಾಗಿ. ಅಂಚಿನಲ್ಲಿ ಗುಡ್ಡೆಯಾದ ಹಿಮ ಎರಡು ಕೆಡುಕು ಮಾಡುತ್ತದೆ: ತನ್ನ ಭಾರಕ್ಕೆ ಐಸನ್ನು ಬಗ್ಗಿಸುತ್ತದೆ, ತನ್ನ ಕೆಳಗಿನ ಐಸನ್ನು ಬೆಳೆಯಗೊಡುವುದಿಲ್ಲ. ರಸ್ತೆ ಕಿರಿದಾದರೆ ಉದ್ದುದ್ದ ಬಿರುಕು ಬಿಡುವುದು ಆ ಗುಡ್ಡೆಗಳ ಪಕ್ಕದಲ್ಲೇ.

ಇನ್ನೂ ದಪ್ಪ ಬೇಕಾದರೆ ತೂತಿನಿಂದ ನೀರೆತ್ತಿ ಮೇಲೆ ಹರಿಸುತ್ತಾರೆ. ತೆಳುವಾಗಿ ಹರಿಸಿ, ಅದು ಪೂರ್ತಿ ಗಟ್ಟಿಯಾದ ಮೇಲೆಯೇ ಮುಂದಿನ ಪದರ. ಅವಸರಪಟ್ಟು ಒಂದೇ ಸಲ ಹೆಚ್ಚು ನೀರು ಬಿಟ್ಟರೆ ಮೇಲ್ಮೈ ಮಾತ್ರ ಹೆಪ್ಪುಗಟ್ಟಿ ನಡುವೆ ನೀರು ಸಿಕ್ಕಿಬೀಳುತ್ತದೆ. ಆಗ ಅಳತೆಪಟ್ಟಿ ದಪ್ಪ ತೋರಿಸುತ್ತದೆ, ಬಲ ಮಾತ್ರ ಇರುವುದಿಲ್ಲ.

ಜೌಗು ನೆಲದ ಮೇಲೆ ವಿಧಾನ ಬೇರೆ. ಅಲ್ಲಿ ಹಿಮವನ್ನು ಪೂರ್ತಿ ತೆಗೆಯದೆ ಹಗುರ ಯಂತ್ರದಿಂದ ಒತ್ತಿ ಗಾಳಿ ಹೊರಹಾಕುತ್ತಾರೆ. ಅದುಮಿದ ಹಿಮ ಚಳಿಯನ್ನು ನೆಲಕ್ಕೆ ಇಳಿಯಬಿಡುತ್ತದೆ, ಗಿಡಬೇರನ್ನೂ ಕಾಯುತ್ತದೆ.

ತುಂಬಿದ ಲಾರಿ ಏಕೆ ಗಂಟೆಗೆ 25 ಕಿ.ಮೀ.

ಟಿಬಿಟ್–ಕಾಂಟ್‌ವಾಯ್ಟೊದಲ್ಲಿ ತುಂಬಿದ ಲಾರಿಯ ವೇಗಮಿತಿ ಇಷ್ಟೇ. ಜಾರುತ್ತದೆ ಎಂದಲ್ಲ. ಲಾರಿಯ ಕೆಳಗೆ ಐಸ್ ತುಸು ತಗ್ಗಾಗಿ ಬಾಗುತ್ತದೆ, ಆ ತಗ್ಗು ಲಾರಿಯ ಜೊತೆಯಲ್ಲೇ ಚಲಿಸುತ್ತ ಕೆಳಗಿನ ನೀರಿನಲ್ಲಿ ಅಲೆ ಎಬ್ಬಿಸುತ್ತದೆ. ಆಳವಿಲ್ಲದ ನೀರಿನಲ್ಲಿ ಅಲೆಯ ವೇಗವನ್ನು ತೀರ್ಮಾನಿಸುವುದು ಆಳ: 5 ಮೀಟರ್ ಆಳದಲ್ಲಿ ಗಂಟೆಗೆ ಸುಮಾರು 25 ಕಿ.ಮೀ., 2 ಮೀಟರ್‌ನಲ್ಲಿ 16. ಲಾರಿಯ ವೇಗ ಅಲೆಯ ವೇಗಕ್ಕೆ ಸಮನಾದರೆ ಅಲೆ ಮುಂದೆ ಓಡಿಹೋಗಲಾರದೆ ಲಾರಿಯಡಿಯಲ್ಲೇ ಎತ್ತರವಾಗುತ್ತ ಹೋಗಿ ಐಸನ್ನು ಸೀಳುತ್ತದೆ. ದಡ ಹತ್ತುವಾಗ ಇನ್ನೂ ನಿಧಾನಿಸಬೇಕು, ಏಕೆಂದರೆ ಅಲ್ಲಿ ನೀರು ಆಳವಿಲ್ಲ ಮತ್ತು ಅಲೆ ದಡಕ್ಕೆ ಬಡಿದು ಹಿಂತಿರುಗುತ್ತದೆ. ಲಾರಿಗಳ ನಡುವೆ ಅಂತರ ಬಿಡುವುದೂ ಒಬ್ಬರ ಅಲೆ ಇನ್ನೊಬ್ಬರದ್ದರ ಜೊತೆ ಕೂಡದಿರಲಿ ಎಂದೇ.

ನಿಲ್ಲಿಸುವುದೂ ಅಪಾಯವೇ. ಐಸ್ ಭಾರದಡಿ ಮೆಲ್ಲಗೆ ಕುಸಿಯುತ್ತಲೇ ಇರುತ್ತದೆ. ಕೆಟ್ಟು ನಿಂತ ಲಾರಿಯ ಪಕ್ಕ ಒಂದು ತೂತು ಕೊರೆದು ನೋಡುತ್ತಾರೆ; ಅದರಿಂದ ನೀರು ಉಕ್ಕಿ ಮೇಲೆ ಹರಡತೊಡಗಿದರೆ ಲಾರಿಯನ್ನು ಕೂಡಲೇ ಸರಿಸಬೇಕು.

ಬಿರುಕು ಕಂಡ ಕೂಡಲೇ ಹೆದರಬೇಕಿಲ್ಲ. ಚಳಿಗೆ ಐಸ್ ಕುಗ್ಗಿ ಗುಂಡು ಹೊಡೆದ ಸದ್ದಿನೊಂದಿಗೆ ಒಣಬಿರುಕು ಬಿಡುವುದು ದಿನದ ಮಾತು. ನೀರು ಕಾಣುವ ಬಿರುಕು ಮಾತ್ರ ಬೇರೆ: ಹೊರೆಯನ್ನು ಅರ್ಧಕ್ಕಿಳಿಸಬೇಕು, ಅಂಥ ಎರಡು ಬಿರುಕು ಒಂದನ್ನೊಂದು ಕತ್ತರಿಸಿದರೆ ಕಾಲುಭಾಗಕ್ಕೆ.

ವಾರಗಳು ಕಡಿಮೆಯಾದಾಗ

ಈ ಊರುಗಳಲ್ಲಿ ಹಲವಕ್ಕೆ ವಿದ್ಯುತ್ ಬರುವುದು ಡೀಸೆಲ್ ಜನರೇಟರ್‌ನಿಂದ. ಟ್ಯಾಂಕು ತುಂಬುವ ಕೆಲಸ ಚಳಿಗಾಲದ ರಸ್ತೆಯ ಕೆಲವೇ ವಾರಗಳಲ್ಲಿ ಮುಗಿಯಬೇಕು. ಐಸ್ ತೆಳುವಾದರೆ ಮೊದಲು ಆಗುವುದು ರಸ್ತೆ ಬಂದ್ ಅಲ್ಲ, ಲೋಡು ಅರ್ಧ. ಅದೇ ಡೀಸೆಲ್‌ಗೆ ಎರಡರಷ್ಟು ಓಡಾಟ, ಎರಡರಷ್ಟು ಬಾಡಿಗೆ. ಸಿಮೆಂಟ್, ಕಿಟಕಿ, ನೀರಿನ ಪೈಪು, ಶಾಲೆ ದುರಸ್ತಿಯ ಸಾಮಾನು ಸಾಲಿನಲ್ಲಿ ಹಿಂದಕ್ಕೆ ಬೀಳುತ್ತವೆ. ಈ ವರ್ಷ ಬಾರದ ಮರಮಟ್ಟು ಬರುವುದು ಮುಂದಿನ ವರ್ಷವೇ, ಮನೆ ಕೆಲಸವೂ ಅಲ್ಲಿಗೆ ನಿಂತಿರುತ್ತದೆ. ಅಕ್ಕಪಕ್ಕದ ಊರಿನ ನೆಂಟರ ಮನೆಗೆ ಕಾರಿನಲ್ಲಿ ಹೋಗಿಬರುವ ಕಾಲವೂ ಇದೊಂದೇ.

ಋತುಗಳ ಸಂದಿನ ವಾರಗಳು ಇನ್ನೊಂದು ಗೋಳು. ವಾಯವ್ಯ ಕೆನಡಾದ ಡೆಂಪ್‌ಸ್ಟರ್ ಹೆದ್ದಾರಿ ಪೀಲ್ ಮತ್ತು ಮೆಕೆಂಜಿ ನದಿಗಳನ್ನು ದಾಟುವಲ್ಲಿ ಸೇತುವೆ ಇಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಐಸ್. ನದಿ ಹೆಪ್ಪುಗಟ್ಟುವಾಗ ಮತ್ತು ಒಡೆಯುವಾಗ ಎರಡೂ ಇಲ್ಲ. ಯೆಲ್ಲೋನೈಫ್ ಪಟ್ಟಣವೂ 2012ರ ನವೆಂಬರ್‌ನಲ್ಲಿ ಮೆಕೆಂಜಿ ನದಿಗೆ ಡೆ ಚೋ ಸೇತುವೆ ತೆರೆಯುವವರೆಗೆ ಹೀಗೆಯೇ ಇತ್ತು. ಚಳಿಗಾಲ ಅಡ್ಡಾದಿಡ್ಡಿಯಾದಷ್ಟೂ ಈ ಸಂದು ಹಿಗ್ಗುತ್ತದೆ.

ಮೀನು, ಕ್ಯಾರಿಬೂ, ಕಾಡು

ಐಸ್ ಬೇಗ ಕರಗಿದರೆ ಮೀನಿಗೆ ಅನುಕೂಲವೆಂದು ತೋರಬಹುದು. ಲೇಕ್ ಟ್ರೌಟ್ ಮೀನಿಗೆ ತಣ್ಣನೆಯ, ಆಮ್ಲಜನಕ ತುಂಬಿದ ನೀರು ಬೇಕು. ವಸಂತದಲ್ಲಿ ದಡದ ನೀರು ಇನ್ನೂ ತಣ್ಣಗಿರುವಾಗ ಅದು ಅಲ್ಲಿಗೆ ಬಂದು ಚಿಕ್ಕ ಮೀನು ತಿಂದು ಕೊಬ್ಬುತ್ತದೆ. ದಡ ಬೆಚ್ಚಗಾದ ಕೂಡಲೇ ಆಳಕ್ಕಿಳಿದು ಕಡಿಮೆ ಮೇವಿನಲ್ಲಿ ಬೇಸಿಗೆ ಕಳೆಯಬೇಕು. ವಾಯವ್ಯ ಒಂಟಾರಿಯೊದಲ್ಲಿ 1968ರಿಂದ ಸರೋವರಗಳನ್ನೇ ಪ್ರಯೋಗಶಾಲೆ ಮಾಡಿಕೊಂಡಿರುವ ಎಕ್ಸ್‌ಪೆರಿಮೆಂಟಲ್ ಲೇಕ್ಸ್ ಏರಿಯಾದ ಅಧ್ಯಯನ ತೋರಿಸಿದ್ದು ಇದನ್ನೇ: ವಸಂತ ಕಿರಿದಾಗಿ ಬೇಸಿಗೆ ಹಿಗ್ಗಿದ ವರ್ಷಗಳಲ್ಲಿ ಟ್ರೌಟ್ ಬೆಳವಣಿಗೆ ಕುಂಠಿತ. ಇದು ಆ ಊರುಗಳ ತಟ್ಟೆಯ ಮೀನು ಕೂಡ.

ಕ್ಯಾರಿಬೂ ಉತ್ತರದ ಹಿಮಸಾರಂಗ. ವಿಕ್ಟೋರಿಯಾ ದ್ವೀಪದ ಹಿಂಡು ಶರತ್ಕಾಲದಲ್ಲಿ ಸಮುದ್ರದ ಐಸ್ ದಾಟಿ ಮುಖ್ಯಭೂಮಿಗೆ ಬರುತ್ತದೆ. ಐಸ್ ತಡವಾದರೆ ದಡದಲ್ಲೇ ಕಾಯಬೇಕು, ಎಳಸು ಐಸಿಗೆ ಕಾಲಿಟ್ಟವು ಮುಳುಗುವುದೂ ಉಂಟು. ಇನ್ನೊಂದು ಅಪಾಯ ಚಳಿಗಾಲದ ನಡುವೆ ಬೀಳುವ ಮಳೆ. ಹಿಮದ ಮೇಲೆ ಮಳೆ ಸುರಿದು ಗಟ್ಟಿಯಾದರೆ ಕೆಳಗಿನ ಮೇವಿಗೆ ಬೀಗ ಬಿದ್ದಂತೆ, ಗೊರಸಿನಿಂದ ಕೆರೆದರೂ ತೆರೆಯುವುದಿಲ್ಲ. 2003ರ ಅಕ್ಟೋಬರ್‌ನಲ್ಲಿ ಬ್ಯಾಂಕ್ಸ್ ದ್ವೀಪದಲ್ಲಿ ಹೀಗಾಗಿ ಸುಮಾರು 20,000 ಕಸ್ತೂರಿ ಎತ್ತುಗಳು (ಮಸ್ಕಾಕ್ಸ್ ಎಂಬ ದಟ್ಟ ರೋಮದ ಉತ್ತರದ ಪ್ರಾಣಿ) ಹಸಿವಿನಿಂದ ಸತ್ತವು. ಬಾಥರ್ಸ್ಟ್ ಕ್ಯಾರಿಬೂ ಹಿಂಡು 1986ರಲ್ಲಿ 4.7 ಲಕ್ಷದಷ್ಟಿದ್ದದ್ದು 2018ಕ್ಕೆ 8,200ರ ಆಸುಪಾಸಿಗೆ ಇಳಿದಿದೆ. ಇದನ್ನು ಪೂರ್ತಿ ಹವಾಮಾನದ ಲೆಕ್ಕಕ್ಕೆ ಬರೆಯುವುದು ತಪ್ಪು. ಬೇಟೆ, ತೋಳ, ಗಣಿಗಾರಿಕೆ, ಹಿಂಡಿನ ಸಹಜ ಏರಿಳಿತ ಎಲ್ಲವೂ ಸೇರಿವೆ.

ನೆಲದೊಳಗೂ ಹಿಮದ ಕಂಬಳಿಯದ್ದೇ ಕಥೆ. ಕನಿಷ್ಠ ಎರಡು ವರ್ಷ ಸತತವಾಗಿ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರುವ ನೆಲವೇ ಪರ್ಮಾಫ್ರಾಸ್ಟ್. ಬೇಸಿಗೆ ಬೆಚ್ಚಗಾಗಿ ಬಯಲಿನಲ್ಲಿ ವಿಲ್ಲೋ, ಆಲ್ಡರ್ ಪೊದೆ ಎದ್ದಿವೆ. ಪೊದೆ ಹಾರುವ ಹಿಮವನ್ನು ತಡೆದು ಗುಡ್ಡೆ ಹಾಕುತ್ತದೆ, ದಪ್ಪ ಹಿಮದಡಿ ನೆಲ ಚಳಿಗಾಲದಲ್ಲೂ ತಣಿಯುವುದಿಲ್ಲ, ಪರ್ಮಾಫ್ರಾಸ್ಟ್ ಕರಗುತ್ತದೆ. ವಾಯವ್ಯ ಪ್ರಾಂತ್ಯದ ಫೋರ್ಟ್ ಸಿಂಪ್ಸನ್ ಬಳಿಯ ಸ್ಕಾಟಿ ಕ್ರೀಕ್‌ನಲ್ಲಿ ಪರ್ಮಾಫ್ರಾಸ್ಟ್ ಕರಗಿ ನೆಲ ಕುಸಿದು, ಸ್ಪ್ರೂಸ್ ಮರಗಳು ವಾಲಿ, ಬೇರು ನೀರಲ್ಲಿ ಕೊಳೆತು, ಕಾಡು ಜೌಗಾಗುತ್ತಿರುವುದನ್ನು ವಿಜ್ಞಾನಿಗಳು ದಾಖಲಿಸುತ್ತ ಬಂದಿದ್ದಾರೆ.

ಪಕ್ಕಾ ರಸ್ತೆ ಮಾಡಬಾರದೇ

ಮಾಡಿದ್ದಾರೆ. ವಾಯವ್ಯ ಪ್ರಾಂತ್ಯದ ಇನೂವಿಕ್‌ನಿಂದ ಆರ್ಕ್ಟಿಕ್ ಸಮುದ್ರದ ದಡದ ಟುಕ್ಟೊಯಾಕ್‌ಟಕ್‌ಗೆ ಇದ್ದ ಐಸ್ ರಸ್ತೆಯ ಬದಲು 138 ಕಿ.ಮೀ. ಜಲ್ಲಿ ಹೆದ್ದಾರಿ 2017ರ ನವೆಂಬರ್ 15ರಂದು ತೆರೆಯಿತು. ಖರ್ಚು ಸುಮಾರು 30 ಕೋಟಿ ಕೆನಡಾ ಡಾಲರ್. ನೆಲ ಅಗೆದರೆ ಪರ್ಮಾಫ್ರಾಸ್ಟ್ ಕರಗುತ್ತದೆ, ಹಾಗಾಗಿ ಅಗೆಯಲೇ ಇಲ್ಲ. ಚಳಿಗಾಲದಲ್ಲಿ, ನೆಲ ಗಟ್ಟಿಯಿರುವಾಗ ಮೇಲೆ ಬಟ್ಟೆಯಂಥ ಹಾಸು ಹಾಕಿ ಅದರ ಮೇಲೆ ಜಲ್ಲಿ-ಮಣ್ಣು ದಪ್ಪವಾಗಿ ಏರಿಸಿದರು. ಆದರೂ ಬೇಸಿಗೆಯಲ್ಲಿ ಏರಿಯ ಪಕ್ಕ ನೀರು ನಿಂತರೆ ನೆಲ ಕರಗಿ ರಸ್ತೆ ಕುಸಿಯುತ್ತದೆ, ಪ್ರತಿ ವರ್ಷ ಜಲ್ಲಿ ಸುರಿಯಬೇಕು. ನೂರಾರು ಕಿಲೋಮೀಟರ್ ಜೌಗಿನಾಚೆಗಿರುವ ಚಿಕ್ಕ ಊರುಗಳಿಗೆಲ್ಲ ಇದನ್ನು ಮಾಡುವ ಹಣ ಯಾವ ಬಜೆಟ್ಟಿನಲ್ಲೂ ಕಂಡಿಲ್ಲ. ನಡುದಾರಿಯೊಂದಿದೆ: ಮೊದಲು ಕರಗುವ ನದಿ ದಾಟುಗಳಿಗೆ ಮಾತ್ರ ಸೇತುವೆ ಹಾಕಿ, ರಸ್ತೆಯನ್ನು ಸರೋವರ ಬಿಟ್ಟು ಆದಷ್ಟು ನೆಲದ ಮೇಲೆ ತಿರುಗಿಸುವುದು. ಅಷ್ಟರಿಂದಲೇ ಋತುವಿಗೆ ಒಂದಷ್ಟು ದಿನ ಸೇರಿಕೊಳ್ಳುತ್ತದೆ.

ನೀವೇ ಐಸ್ ಮೇಲೆ ಕಾಲಿಡುವುದಾದರೆ

ಕೆನಡಾಕ್ಕೆ ಹೊಸದಾಗಿ ಹೋದ ಕನ್ನಡಿಗ ಕುಟುಂಬಗಳು ಊರ ಪಕ್ಕದ ಸರೋವರದ ಮೇಲೆ ಮಕ್ಕಳನ್ನು ಕರೆದೊಯ್ಯುವುದುಂಟು. ಅಲ್ಲಿನ ರೆಡ್‌ಕ್ರಾಸ್ ಹೇಳುವ ಕನಿಷ್ಠ ದಪ್ಪ: ಒಬ್ಬರು ನಡೆಯಲು 15 ಸೆಂ.ಮೀ., ಗುಂಪಿಗೆ 20, ಸ್ನೋಮೊಬೈಲ್‌ಗೆ 25. ಇದು ನೀಲಿ ಐಸಿಗೆ. ಬೂದು ಬಣ್ಣದ್ದರಲ್ಲಿ ನೀರು ಸೇರಿದೆ ಎಂದರ್ಥ, ಇಳಿಯಲೇಬಾರದು. ಒಂದೇ ಕಡೆ ಅಳೆದರೆ ಸಾಲದು. ತೊರೆ ಸೇರುವ ಬಾಯಿ, ಎರಡು ದಡ ಹತ್ತಿರವಾಗುವ ಕಿರಿದಾರಿ, ಕಂಬ-ಬಂಡೆಗಳ ಸುತ್ತ, ಹಿಮದ ಗುಡ್ಡೆಯಡಿ ಐಸ್ ತೆಳ್ಳಗಿರುತ್ತದೆ.

ಬಿದ್ದರೆ 1-10-1 ಎಂಬ ಲೆಕ್ಕ ನೆನಪಿರಲಿ: ಮೊದಲ 1 ನಿಮಿಷ ಉಸಿರು ಏದುತ್ತದೆ, ಅದನ್ನು ಹತೋಟಿಗೆ ತರುವುದಷ್ಟೇ ಕೆಲಸ, ಮುಂದಿನ 10 ನಿಮಿಷ ಕೈಕಾಲು ಮಾತು ಕೇಳುತ್ತವೆ, ಮೈ ತಣಿದು ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಇದೆ. ನಡೆದು ಬಂದ ದಿಕ್ಕಿಗೇ ತಿರುಗಿ, ಏಕೆಂದರೆ ಆ ಐಸ್ ನಿಮ್ಮನ್ನು ಹೊತ್ತಿತ್ತು. ಮೊಣಕೈ ಮೇಲಿಟ್ಟು, ಕಾಲು ಬಡಿದು ಮೈಯನ್ನು ಅಡ್ಡ ಮಾಡಿ, ಹೊಟ್ಟೆಯ ಮೇಲೆ ಜಾರಿ ಹೊರಬನ್ನಿ. ಎದ್ದು ನಿಲ್ಲದೆ ಉರುಳುತ್ತ ದೂರ ಹೋಗಿ. ನೋಡುತ್ತಿದ್ದವರು ಹತ್ತಿರ ಓಡಬಾರದು. 911ಕ್ಕೆ ಕರೆ ಮಾಡಿ, ದಡದಿಂದಲೇ ಹಗ್ಗ, ಕೋಲು, ಶಾಲು, ಕೈಗೆ ಸಿಕ್ಕಿದ್ದನ್ನು ಎಸೆಯಬೇಕು.